ಚೌರಿ ಹೊಳಿಯಮ್ಮ

ಕನಕಗಿರಿಯ ಹೊಳಿಯಮ್ಮ ಚೌರಿ ಕಟ್ಟುವವಳು. ಬಾಚುವಾಗ ಉದುರಿದ ಕೂದಲನ್ನು ಹೆಂಗಸರು ಸುರುಳಿ ಸುತ್ತಿ ಗೋಡೆಯ ಸಂದಿಗೆ ತುರುಕಿಡುತ್ತಿದ್ದರು. ಅವಳು ಬಂದು ಬಿಡಿಸಿ, ತೊಳೆದು, ಹೆರಳಿಗೆ ಸೇರಿಸುವ ಉದ್ದನೆಯ ಚೌರಿ ಮಾಡಿಕೊಡುತ್ತಿದ್ದಳು. ನಿಜಾಮರ ಆಳ್ವಿಕೆಯ ಆ ದಿನಗಳಲ್ಲಿ ಯಲಬುರ್ಗಿಯವರೆಗೂ ಅವಳ ಕಾಲು ಸವೆದಿತ್ತು. ಒಬ್ಬರ ಕೂದಲು ಇನ್ನೊಬ್ಬರ ತಲೆ ಸೇರಬಾರದು, ಇದು ಅವಳ ಕಟ್ಟುಪಾಡು. ಮಾಟ ಮಂತ್ರಕ್ಕೆ ಅಂಜುವ ಹೆಂಗಸರು ತಮ್ಮ ಕೂದಲನ್ನು ಗಂಡನ ಕೈಗೂ ಕೊಡುತ್ತಿರಲಿಲ್ಲ, ಹೊಳಿಯಮ್ಮನ ಕೈಗೆ ಕೊಡುತ್ತಿದ್ದರು.

ಮಕ್ಕಳಿಲ್ಲದ ಅವಳಿಗೆ ಅದೇ ಊರಿನ ಪಾರ್ವತೆಮ್ಮನ ಮಗಳು ಅನ್ನಮ್ಮನೆಂದರೆ ಜೀವ. ಹಿಂದಿನ ವರ್ಷ ಹುಡುಗಿ ಜ್ವರದಲ್ಲಿ ಸಾವಿನ ಬಾಗಿಲು ತಟ್ಟಿ ಬಂದಿದ್ದಳು. ತಲೆ ಬೋಳಿಸಿ ಕೂದಲನ್ನು ನೀರಿಗೆ ಬಿಟ್ಟಿದ್ದರು. ಈಗ ಬೆಳೆದದ್ದು ಗೇಣುದ್ದ ಮಾತ್ರ. ಅಷ್ಟರಲ್ಲಿ ಯಲಬುರ್ಗಿಯಿಂದ ಒಳ್ಳೆಯ ಸಂಬಂಧ ಬಂತು.

“ನನ್ನ ಚೌರಿನಽ ಕಟ್ಟಿ ಇಕಿಗೆ ಹೆರಳ ಹಾಕು ಹೊಳಿಯಮ್ಮ. ನಾಳಿ ನೋಡಾಕ ಬರ್ತಾರ” ಎಂದಳು ಪಾರ್ವತೆಮ್ಮ.

“ಬ್ಯಾಡ್ರಿ ಅವ್ವಾರ. ಒಬ್ರದು ಇನ್ನೊಬ್ರ ತಲಿಗೆ ನಾ ಕಟ್ಟಾಂಗಿಲ್ಲ. ಅವರು ಹೆರಳ ಬಿಚ್ಚಿ ನೋಡಿದ್ರ ನಮ್ಮ ಹುಡುಗಿ ಮಾರಿ ಎಲ್ಲಿ ಇಟ್ಕೋಬೇಕು?”

ಮರುದಿನ ಅವಳೇ ಬಂದು ಎಣ್ಣೆ ಹಚ್ಚಿ, ಕೂದಲನ್ನೆಲ್ಲ ಹಿಂದಕ್ಕೆ ಸೆಳೆದು ಕೆಂಪು ದಾರದಿಂದ ಒಂದೇ ಗಂಟು ಹಾಕಿದಳು. ಆ ಮೋಟು ಜುಟ್ಟು ಕುದುರೆಮರಿಯ ಬಾಲದಂತೆ ಕುಣಿಯಿತು. ಅನ್ನಮ್ಮ ತಲೆ ಅಲ್ಲಾಡಿಸಿ ನಕ್ಕಳು. ಜ್ವರ ಬಿಟ್ಟ ಮೇಲೆ ಅದೇ ಅವಳ ಮೊದಲ ನಗು. ಹೊಳಿಯಮ್ಮನಿಗೆ ಹೊಟ್ಟೆ ತುಂಬಿದಂತಾಯಿತು.

ವರನ ತಾಯಿ ಪಂಪಮ್ಮ ಒಳಗೆ ಬಂದಾಗ ಬಾಗಿಲ ಮರೆಯಲ್ಲಿದ್ದ ಹೊಳಿಯಮ್ಮ ಕಂಡೊಡನೆ ಗುರುತು ಹಿಡಿದಳು. ತೆಂಗಿನಕಾಯಿ ಗಾತ್ರದ ಆ ತುರುಬಿನ ಮುಕ್ಕಾಲು ಪಾಲು ತಾನೇ ಕಟ್ಟಿಕೊಟ್ಟ ಚೌರಿ!

ಪಂಪಮ್ಮ ಹುಡುಗಿಯನ್ನು ತಿರುಗಿಸಿ ನೋಡಿದಳು. “ಇದೇನ್ರಿ, ಹೆರಳಽ ಇಲ್ಲ! ನಮ್ಮ ಮನಿ ಹೆಣ್ಮಕ್ಕಳಿಗೆ ಕೂದಲಽ ಲಕ್ಷಣ” ಎಂದಳು.

ಅನ್ನಮ್ಮ ತಲೆ ತಗ್ಗಿಸಿದಳು. ಪಾರ್ವತೆಮ್ಮನ ಕಣ್ಣು ತುಂಬಿತು. ಹೊಳಿಯಮ್ಮನ ನಾಲಿಗೆ ತುರಿಸಿತು; ಒಂದೇ ಮಾತು ಸಾಕಿತ್ತು. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ನಂಬಿ ತಲೆ ಕೊಟ್ಟವರ ಗುಟ್ಟು ಅದು. ಅವಳು ಬಂದು ಹುಡುಗಿಯ ಪಕ್ಕ ಕುಳಿತಳು.

“ಜ್ವರದಾಗ ಹೋದ ಕೂದಲರಿ. ಹುಡುಗಿನೂ ಹೋಗಿ ಬಂದಾಳ” ಎಂದಳು, ಅಷ್ಟೇ.

ದನಿ ಕೇಳಿ ಪಂಪಮ್ಮನಿಗೆ ಗುರುತು ಸಿಕ್ಕಿತು. ಕೈ ತಾನಾಗಿಯೇ ತುರುಬಿಗೆ ಹೋಯಿತು. ಹೊಳಿಯಮ್ಮ ನೆಲ ಬಿಟ್ಟು ಕಣ್ಣೆತ್ತಲಿಲ್ಲ. ಇನ್ನೇನು ಅಂದೇಬಿಡುತ್ತಾಳೆ ಎಂದು ಪಂಪಮ್ಮ ಕಾದಳು. ಹೊಳಿಯಮ್ಮ ಬಾಯಿ ತೆರೆಯಲೇ ಇಲ್ಲ.

ಪಂಪಮ್ಮ ತಾಟಿನಲ್ಲಿದ್ದ ಮಲ್ಲಿಗೆ ದಂಡೆ ಎತ್ತಿ ಆ ಮೋಟು ಜುಟ್ಟಿಗೆ ತಾನೇ ಮುಡಿಸಿದಳು.

“ಬೆಳಿತೈತಿ ಬಿಡ್ರಿ ಬೀಗತಿ. ಬೆಳೀದಿದ್ರ ಹೊಳಿಯಮ್ಮ ಅದಾಳಲ್ಲ!”

ಪಾರ್ವತೆಮ್ಮನಿಗೆ ಕೇಳಿಸಿದ್ದು ‘ಬೀಗತಿ’ ಎಂಬ ಒಂದೇ ಮಾತು.