ಮಾವನ ಟೋಪಿ ರಿಪೇರಿಯಾದ ಕತೆ

ನಲ್ಲಿ ರಿಪೇರಿಯವನ ತಲೆಯಲ್ಲಿ ಕೂದಲು ಬೆರಳೆಣಿಕೆಯಷ್ಟಿದ್ದವು, ಮನೆಯಲ್ಲಿ ಟೋಪಿ ಮಾತ್ರ ನಲವತ್ತೊಂದಿದ್ದವು. ಬೀದಿಯ ತುದಿಯಲ್ಲಿ ಅಂಗಡಿ ಇಟ್ಟಿದ್ದ ಕ್ಷೌರದವನಿಗೆ ಇದಕ್ಕಿಂತ ದೊಡ್ಡ ತಮಾಷೆ ಇರಲಿಲ್ಲ. "ಬೆಳೆ ಇಲ್ಲದ ಹೊಲಕ್ಕೆ ನಲವತ್ತೊಂದು ಬೇಲಿ ಹಾಕಿದಾನೆ ನೋಡ್ರಪ್ಪ" ಎಂದು ಕುರ್ಚಿಯಲ್ಲಿ ಕೂತವರಿಗೆಲ್ಲ ಹೇಳುತ್ತಿದ್ದ. ಬೀದಿಯವರು ಇಟ್ಟ ಹೆಸರು ಟೋಪಿರಾಯ. ಅವನಿಗೇನೂ ಬೇಸರವಿರಲಿಲ್ಲ. ಪಾನಾ, ಪೈಪು ತುಂಬಿದ ಚೀಲ ಹೆಗಲಿಗೇರಿಸಿ, ಬೂದುಬಣ್ಣದ ಫೆಲ್ಟ್ ಟೋಪಿಯ ಅಂಚನ್ನು ಹುಬ್ಬಿನ ಮೇಲಕ್ಕೆ ಬಗ್ಗಿಸಿಕೊಂಡು ಅವನು ಹೊರಟರೆ, ಕಟ್ಟಿಕೊಂಡ ಮೋರಿ ಬಿಡಿಸಲು ಹೋಗುತ್ತಿದ್ದಾನೆಂದು ಯಾರೂ ಹೇಳಲಾರರು.

ಒಂದನ್ನೂ ಅವನು ಹೊಸದಾಗಿ ಕೊಂಡವನಲ್ಲ. ಹಳೇ ಸಾಮಾನಿನ ರಾಶಿಯಲ್ಲಿ ಕೈಹಾಕಿ ಎಳೆದವು, ಕೆಲಸಕ್ಕೆ ಹೋದ ಮನೆಯ ಅಟ್ಟದಲ್ಲಿ ಇಲಿಯ ಬಾಯಿಂದ ಬಿಡಿಸಿದವು. ತಂದ ಮೇಲೆ ಶುರುವಾಗುತ್ತಿತ್ತು ಚಾಕರಿ. ಕೆಟಲಿನ ಮೂತಿಗೆ ಹಿಡಿದು ಹಬೆ ಕುಡಿಸುವುದು, ಮೆತ್ತಗಾದ ಮೇಲೆ ತಲೆಯಾಕಾರದ ಮರದ ಅಚ್ಚಿಗೆ ಹಾಕಿ ಎಳೆದು ಕೂರಿಸುವುದು. ಜಿಡ್ಡಿಗೆ ಜೋಳದ ಹಿಟ್ಟು ಉದುರಿಸಿ ಬ್ರಷ್ ಹಾಕುವುದು, ಸವೆದ ಕಡೆ ನಯವಾದ ಪಾಲಿಶ್ ಪೇಪರ್ ಆಡಿಸುವುದು. ಅಂಚು ಜಾಸ್ತಿ ಅಗಲ ಅನ್ನಿಸಿದರೆ ಕಾಲಿಂಚು ಕತ್ತರಿಸುವುದು. ಒಂದು ಕಂದು ಟೋಪಿಯ ರಿಬ್ಬನ್ನಿಗೆ ನಲ್ಲಿಯ ಹಿತ್ತಾಳೆ ವಾಷರನ್ನು ಉಜ್ಜಿ ಉಜ್ಜಿ ಹೊಳೆಯಿಸಿ ಸಿಕ್ಕಿಸಿದ್ದ. ಅದೇನೆಂದು ಕೇಳಿದವರಿಗೆ "ಪದಕ" ಎನ್ನುತ್ತಿದ್ದ. ಹಳೆಯದು ಕೈಗೆ ಸಿಕ್ಕರೆ ಸರಿಮಾಡದೆ ಇಡುವ ಜಾಯಮಾನವೇ ಅವನದಲ್ಲ. ಸರಿಮಾಡಿದ್ದನ್ನು ಯಾರಾದರೂ ಆಡಿಕೊಂಡರೆ ಮಾತ್ರ ಸಿಟ್ಟು ಮೂಗಿನ ತುದಿಗೆ ಬರುತ್ತಿತ್ತು.

ಹೆಂಡತಿ ಲಾಂಡ್ರಿಯಲ್ಲಿ ಇಸ್ತ್ರಿ ಮಾಡುವವಳು. ಇಪ್ಪತ್ತೆರಡು ವರ್ಷ ಅವನ ಟೋಪಿಗಳ ಜೊತೆ ಒಂದೇ ಬೀರು ಹಂಚಿಕೊಂಡು ಬಾಳಿದವಳು. ಮೇಲಿನ ಮೂರು ಹಲಗೆ ಟೋಪಿಗೆ, ಕೆಳಗಿನ ಒಂದು ಅವಳಿಗೆ.

ಅವಳ ತಮ್ಮ ಮನೆ ಬದಲಾಯಿಸುವಾಗ ಪೆಟ್ಟಿಗೆಯ ತಳದಲ್ಲಿ ಅಪ್ಪನ ಟೋಪಿ ಸಿಕ್ಕಿತು. ಪೇಪರಿನಲ್ಲಿ ಸುತ್ತಿ ಅಕ್ಕನ ಕೈಗೆ ಕೊಟ್ಟು ಹೋದ. ಮಾವ ತೀರಿಕೊಂಡು ಮೂರು ವರ್ಷವಾಗಿತ್ತು. ಮೂವತ್ತು ವರ್ಷ ಕಾರ್ಖಾನೆಯೊಂದರ ಗೇಟಿನಲ್ಲಿ ನಿಂತವರು. ಸಾಹೇಬ ಬರಲಿ, ಕಸ ಗುಡಿಸುವಾಕೆ ಬರಲಿ, ಟೋಪಿ ಎತ್ತಿಯೇ ಒಳಗೆ ಬಿಡುತ್ತಿದ್ದರು. ಹೆಂಡತಿ ಕಟ್ಟು ಬಿಚ್ಚಲಿಲ್ಲ. "ಇದನ್ನೂ ನಿಮ್ಮವುಗಳ ಜೊತೆ ಇಡ್ರೀ, ಜೋಪಾನ" ಎಂದು ಹೇಳಿ ಕೆಲಸಕ್ಕೆ ಹೋದಳು.

ಜೋಪಾನ ಎಂದರೆ ಇಡುವುದು ಎಂದು ಅವಳ ಲೆಕ್ಕ. ಜೋಪಾನ ಎಂದರೆ ರಿಪೇರಿ ಎಂದು ಇವನ ಲೆಕ್ಕ.

ಕಟ್ಟು ಬಿಚ್ಚಿ ಟೋಪಿಯನ್ನು ಕಿಟಕಿಯ ಬೆಳಕಿಗೆ ಹಿಡಿದ. ಒಳ್ಳೆಯ ಕಪ್ಪು ಫೆಲ್ಟು, ಪಾಪ, ಹಾಳಾಗಿ ಕೂತಿತ್ತು. ನೆತ್ತಿಯ ಮುಂಭಾಗ ಒಂದು ಕಡೆ ಆಳವಾಗಿ ಕುಳಿಬಿದ್ದು, ಅಲ್ಲಿ ಫೆಲ್ಟು ಸವೆದು ಬೆಳಕು ಕಾಣುವಷ್ಟು ತೂತು. ಇನ್ನೊಂದು ಕಡೆ ಎರಡು ಸಣ್ಣ ಕುಳಿ, ಸುತ್ತ ಜಿಡ್ಡು. ಆ ದಿನ ಒಂದು ಮನೆಯವರು ನೀರಿಲ್ಲವೆಂದು ಮೂರು ಸಲ ಫೋನ್ ಮಾಡಿದರೂ ಹೋಗಲಿಲ್ಲ. ಹಬೆ ಹಿಡಿದ, ಕುಳಿ ಎತ್ತಿದ, ಜಿಡ್ಡು ತೆಗೆದ. ಟೋಪಿಯೊಳಗಿನ ಚರ್ಮದ ಪಟ್ಟಿಯ ಮರೆಯಿಂದ ಚೂರು ಫೆಲ್ಟು ಕತ್ತರಿಸಿ ತೂತಿಗೆ ತೇಪೆ ಕೂರಿಸಿದ. ಹೊಲಿಗೆ ಹುಡುಕಬೇಕೆಂದರೆ ಭೂತಗನ್ನಡಿ ಬೇಕು. ಕೊನೆಗೆ ಹೊಸ ರಿಬ್ಬನ್. ಜನ್ಮದಲ್ಲಿ ಅಷ್ಟು ಚೆನ್ನಾಗಿ ಯಾವುದನ್ನೂ ಮಾಡಿರಲಿಲ್ಲ.

ಹೆಂಡತಿ ಬರುವ ಹೊತ್ತಿಗೆ ಮೇಜಿನ ಮೇಲಿಟ್ಟು ಪಕ್ಕದಲ್ಲಿ ಕೈಕಟ್ಟಿ ನಿಂತ.

ಅವಳು ಚಪ್ಪಲಿ ಬಿಟ್ಟು ಬಂದು ನೋಡಿದಳು. "ಯಾರದಿದು?"

"ಯಾರದು ಅಂತೀಯಲ್ಲೇ. ನಿಮ್ಮಪ್ಪನದು. ಗುರುತು ಸಿಗಲಿಲ್ಲ ಅಲ್ವಾ?"

ಅವಳು ಟೋಪಿ ಎತ್ತಿಕೊಂಡು ಮುಂಭಾಗದ ಮೇಲೆ ಹೆಬ್ಬೆರಳು ಆಡಿಸಿದಳು. ಆಡಿಸುತ್ತಲೇ ಇದ್ದಳು. "ಇಲ್ಲೊಂದು ತೂತಿತ್ತು."

"ಮುಚ್ಚಿದೀನಿ. ಎಲ್ಲಿ, ಹುಡುಕು ನೋಡೋಣ."

"ಅದು ಅಪ್ಪನ ಹೆಬ್ಬೆರಳು ಕಣ್ರೀ" ಎಂದಳು. "ಎತ್ತಿ ಎತ್ತಿ ಬಿದ್ದಿದ್ದು. ಅವರದು ಅಂತ ಉಳಿದಿದ್ದು ಅದೊಂದೇ." ಟೋಪಿಯನ್ನು ಮೆಲ್ಲಗೆ ಮೇಜಿನ ಮೇಲಿಟ್ಟು ಒಳಗೆ ಹೋದಳು.

ಮೊದಲು ಅವನಿಗೆ ಬಂದದ್ದು ಸಿಟ್ಟೇ. "ದಿನವಿಡೀ ಬೆನ್ನು ಮುರಿದುಕೊಂಡು ಮಾಡಿದ್ದಕ್ಕೆ ಇದಾ ಬಹುಮಾನ? ತೂತು ಬೇಕಿದ್ರೆ ಮೊದಲೇ ಹೇಳಬಾರದಾ?" ಎಂದು ಬಾಗಿಲಿಗೆ ಕೂಗಿದ. ಅವಳು ಜಗಳಕ್ಕೆ ಬಂದಿದ್ದರೆ ಅವನಿಗೆ ಸುಲಭವಾಗುತ್ತಿತ್ತು. ಅವಳು ಊಟ ಬಡಿಸಿದಳು, ಬಟ್ಟೆ ಮಡಿಸಿದಳು, ಕೇಳಿದ್ದಕ್ಕೆ ಹೂಂ ಎಂದಳು. ಎರಡು ದಿನ ಮನೆಯಲ್ಲಿ ಹೂಂ ಬಿಟ್ಟು ಬೇರೆ ಮಾತಿಲ್ಲ.

ಮೂರನೆಯ ದಿನ ಕ್ಷೌರದವನ ಹತ್ತಿರ ಬಾಯಿಬಿಟ್ಟ. ತಮಾಷೆ ಮಾಡುತ್ತಾನೆಂದುಕೊಂಡಿದ್ದ. ಅವನು ಕತ್ತರಿ ಒರೆಸುತ್ತ, "ತಲೆ ಗಟ್ಟಿಯಿದೆ ಅಂತ ಬಂಡೆಗೆ ಹಾಯಬೇಡ. ತಪ್ಪಾಯ್ತು ಅನ್ನು" ಎಂದ.

"ತಪ್ಪು ಮಾಡಿದ್ರಲ್ವಾ ಅನ್ನೋದು?"

"ಹಾಗಾದ್ರೆ ಹೂಂ ಕೇಳಿಸ್ಕೊಂಡು ಸಾಯಿ."

ಭಾನುವಾರ ಮತ್ತೆ ಕೆಟಲಿಟ್ಟ. ತಪ್ಪಾಯ್ತೆನ್ನುವುದಕ್ಕಿಂತ ಕುಳಿಯನ್ನು ವಾಪಸ್ ತರುವುದೇ ವಾಸಿ ಎನಿಸಿತ್ತು. ಹಬೆ ಹಿಡಿದು, ಮೆತ್ತಗಾದಾಗ ಚಿವುಟಿದ. ಪಾನಾ ತಿರುಗಿಸಿ ಬಲಿತ ಉದ್ದನೆಯ ಬೆರಳು. ಕುಳಿ ಎಲ್ಲೆಲ್ಲಿಗೋ ಹೋಯಿತು. ಎತ್ತಿದ, ಮತ್ತೆ ಚಿವುಟಿದ. ಆರನೆಯ ಸಲಕ್ಕೆ ಟೋಪಿ ಒದೆ ತಿಂದ ಹಾಗೆ ಕಂಡಿತು. ಅವನು ಅದನ್ನು ತೊಡೆಯ ಮೇಲಿಟ್ಟುಕೊಂಡು ಕೂತುಬಿಟ್ಟ. ಈ ಕೈಯಿಂದ ಸರಿಮಾಡಲಾಗದ ಟೋಪಿ ಇದೇ ಮೊದಲನೆಯದು.

ಹೆಂಡತಿ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಯಾವಾಗಿನಿಂದ ನಿಂತಿದ್ದಳೋ.

"ಕೇಳಬೇಕಿತ್ತು" ಎಂದ ಅವನು, ತಲೆ ಎತ್ತದೆ. "ಮುಟ್ಟೋಕೆ ಮುಂಚೆ ನಿನ್ನನ್ನ ಕೇಳಬೇಕಿತ್ತು. ತಪ್ಪಾಯ್ತು."

ಅವಳು ಬಂದು ಎದುರಿಗೆ ಕೂತಳು. "ನಿಮ್ಮ ಬೆರಳು ಉದ್ದ. ಅಪ್ಪಂದು ಮೋಟು ಬೆರಳು" ಎಂದು ತನ್ನ ಕೈ ಮುಂದೆ ಹಿಡಿದಳು. ಗಿಡ್ಡ ಹೆಬ್ಬೆರಳು, ತುದಿ ಚಪ್ಪಟೆ, ಉಗುರು ಉದ್ದಕ್ಕಿಂತ ಅಗಲ. "ನನಗೂ ತಮ್ಮನಿಗೂ ಇದೇ ಬಂದಿದೆ."

ಇಪ್ಪತ್ತೆರಡು ವರ್ಷದಲ್ಲಿ ಟೋಪಿಗಳ ಒಂದೊಂದು ಹೊಲಿಗೆಯನ್ನೂ ನೋಡಿದ್ದವನು ಈ ಬೆರಳನ್ನು ನೋಡಿರಲಿಲ್ಲ. ಕೆಟಲಿಗೆ ನೀರು ಹಾಕಿದ.

ಅವನು ಹಬೆಗೆ ಹಿಡಿದ, ಅವಳು ಚಿವುಟಿದಳು. ಬಿಸಿಯೆಂದು ಅವಳು ಕೈ ಕೊಡವಲಿಲ್ಲ, ಇಸ್ತ್ರಿಯವಳ ಕೈ. ಆರುವವರೆಗೂ ಹಾಗೇ ಹಿಡಿದಿದ್ದಳು. ಬಿಟ್ಟಾಗ ಕುಳಿ ಬಂದಿತ್ತು, ಇದ್ದ ಜಾಗದಲ್ಲೇ. ಆಳ ಮಾತ್ರ ಇರಲಿಲ್ಲ.

"ಇಷ್ಟೇನಾ?" ಎಂದ ಅವನು.

"ಮೂವತ್ತು ವರ್ಷದ್ದು ಒಂದು ಕೆಟಲ್ ನೀರಲ್ಲಿ ಬಂದುಬಿಡುತ್ತಾ?"

"ತೇಪೆ ಬಿಚ್ಚಲಾ?"

ಅವಳು ಹುಡುಕಿದಳು. ಹೊಲಿಗೆ ಸಿಗಲಿಲ್ಲ. "ಬೇಡ. ಬಿಚ್ಚೋಕೆ ಹೋಗಿ ಇನ್ನೊಂದು ಮಾಡ್ತೀರ. ಇನ್ನು ಇದಕ್ಕೆ ನಿಮ್ಮ ಕೈ ಸೋಕಕೂಡದು, ಅಷ್ಟೇ."

ಟೋಪಿಯನ್ನು ಅವಳು ಬೀರುವಿನಲ್ಲಿಡಲಿಲ್ಲ. ಬಾಗಿಲ ಪಕ್ಕ ತನ್ನ ಎತ್ತರಕ್ಕೆ ಮೊಳೆ ಹೊಡೆದು ನೇತುಹಾಕಿದಳು. ಕೆಲಸಕ್ಕೆ ಹೊರಡುವಾಗ ಮೋಟು ಬೆರಳುಗಳಿಂದ ಹಿಡಿದು ಒಂದಿಷ್ಟು ಎತ್ತುತ್ತಾಳೆ, ಮತ್ತೆ ಮೊಳೆಗೆ ಹಾಕುತ್ತಾಳೆ. ಒಂದೊಂದು ದಿನ ಮರೆಯುತ್ತಾಳೆ.

ಈಗ ಅದರ ಅಂಚಿನ ಮೇಲೆ ಧೂಳು ಕೂತಿದೆ. ರಿಬ್ಬನ್ನಿನ ಒಂದು ತುದಿಯೂ ಬಿಟ್ಟುಕೊಂಡಿದೆ. ಟೋಪಿರಾಯ ದಿನಾ ಹೋಗುತ್ತ ಬರುತ್ತ ನೋಡುತ್ತಾನೆ. ಜೇಬಿನಲ್ಲಿ ಬ್ರಷ್ ಇದೆ, ಕೈ ಕಡಿಯುತ್ತದೆ. ಚೀಲ ಹೆಗಲಿಗೇರಿಸಿ ಹೊರಟುಬಿಡುತ್ತಾನೆ.