ಎಡದಿಂದ ಮೂರನೆಯ ಮೈಕಿನ ವಿಚಾರವಾಗಿ

ಇದನ್ನು ಓದಲು ಮುಂದಾಗಿರುವ ತಮ್ಮೆಲ್ಲರಲ್ಲಿ ಮೊದಲಿಗೆ ಒಂದು ವಿನಂತಿ. ನಾನು ಬರಹಗಾರನಲ್ಲ. ಕನ್ನಡದಲ್ಲಿ ನಾನು ಇದುವರೆಗೆ ಪೂರ್ತಿಯಾಗಿ ಬರೆದು ಮುಗಿಸಿರುವುದೆಂದರೆ ಅರ್ಜಿಗಳು ಮತ್ತು ಕಚೇರಿಗಳಿಗೆ ಕಳುಹಿಸಿದ ಮನವಿ ಪತ್ರಗಳು ಮಾತ್ರ. ನೊಂದ ಸಂಗತಿಯನ್ನು ಬೇರೆ ಯಾವ ಧಾಟಿಯಲ್ಲಿ ಬರೆಯಬೇಕೆಂಬುದು ನನಗೆ ತಿಳಿಯದು. ಆದುದರಿಂದ ನಡೆದದ್ದನ್ನು ನಡೆದ ಕ್ರಮದಲ್ಲಿಯೇ ತಮ್ಮ ಅವಗಾಹನೆಗೆ ತರುತ್ತಿದ್ದೇನೆ. ಯಾರ ಹೆಸರನ್ನೂ ಬರೆದಿಲ್ಲ. ಅವರೆಲ್ಲರೂ ಈಗಲೂ ಇದೇ ಊರಿನಲ್ಲಿದ್ದಾರೆ. ದಿನಸಿ ಅಂಗಡಿಯಲ್ಲಿ ಎದುರಾಗುತ್ತಾರೆ, ನಮಸ್ಕಾರ ಹೇಳುತ್ತಾರೆ.

ನಾನು ಸಿಯಾಟಲ್‌ಗೆ ಅಂಟಿಕೊಂಡಂತಿರುವ ಶೋರ್‌ಲೈನ್‌ನಲ್ಲಿ ವಾಸವಾಗಿದ್ದೇನೆ. ನಮ್ಮ ಮನೆಯ ಗ್ಯಾರೇಜು ಮನೆಯಿಂದ ಬೇರೆಯಾಗಿ, ಹಿತ್ತಲಿನ ಮೂಲೆಯಲ್ಲಿದೆ. ಎರಡು ಕಡೆ ಎತ್ತರವಾದ ಮರಗಳು, ಮೂರನೆಯ ಕಡೆ ಕಿವಿ ಮಂದವಾದ ಒಬ್ಬ ವಯೋವೃದ್ಧರು. ಎಷ್ಟು ಸದ್ದು ಮಾಡಿದರೂ ದೂರು ಬರುವುದಿಲ್ಲ. ಈ ವಿವರ ಮುಂದಿನ ಸಂಗತಿಗಳಿಗೆ ಅವಶ್ಯಕವಾಗಿರುವುದರಿಂದ ಇಲ್ಲಿಯೇ ನಮೂದಿಸಿದ್ದೇನೆ.

ಮೈಸೂರಿನ ಕಡೆಯ ಒಬ್ಬ ಮಿತ್ರರು ನನ್ನ ಕಚೇರಿಯಲ್ಲಿಯೇ ಕೆಲಸ ಮಾಡುತ್ತಿದ್ದರು. ವಯಸ್ಸಿನಲ್ಲಿ ನನಗಿಂತ ಚಿಕ್ಕವರು. ಕ್ಯಾಂಟೀನಿನಲ್ಲಿ ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದಾಗ ನಾನು ನನ್ನಷ್ಟಕ್ಕೆ ಏನನ್ನೋ ಗುನುಗುತ್ತಿದ್ದುದನ್ನು ಅವರು ಕೇಳಿಸಿಕೊಂಡರು. “ಸಾರ್, ಏನ್ ಸಾರ್ ಇದು, ಒಳಗಡೆ ಇಷ್ಟೆಲ್ಲ ಇಟ್ಕೊಂಡು ಸುಮ್ನೆ ಕೂತಿದೀರಾ? ನಾವೊಂದು ಬ್ಯಾಂಡ್ ಶುರು ಮಾಡ್ತಿದೀವಿ, ಬನ್ನಿ” ಎಂದರು. ಅದಾದ ಮರುವಾರ ಅಭ್ಯಾಸಕ್ಕೆ ಜಾಗವಿಲ್ಲವೆಂಬ ಮಾತು ಬಂತು. ನಾನೇ ಗ್ಯಾರೇಜಿನ ಪ್ರಸ್ತಾಪ ಮಾಡಿದೆ. ಕಾರುಗಳು ಅಂದಿನಿಂದ ಮಳೆಯಲ್ಲಿಯೇ ನಿಂತವು.

ಅದು ಜಾನಪದ ಹಾಡುಗಳ ಬ್ಯಾಂಡ್. ಅಂಥ ಬ್ಯಾಂಡನ್ನು ತಾವು ನೋಡಿರಲಾರಿರಿ. ತಮಟೆಯ ಪಕ್ಕದಲ್ಲಿ ಅಕಾರ್ಡಿಯನ್, ಏಕತಾರಿಯ ಪಕ್ಕದಲ್ಲಿ ಬ್ಯಾಂಜೊ. ಒಬ್ಬರು ಇಡ್ಲಿ ತಟ್ಟೆಗಳನ್ನು ಬಟ್ಟೆ ಒಣಹಾಕುವ ಸ್ಟ್ಯಾಂಡಿಗೆ ನೇತುಹಾಕಿ ಸ್ಕ್ರೂಡ್ರೈವರಿನಿಂದ ಬಾರಿಸುತ್ತಿದ್ದರು. ತಟ್ಟೆಯ ಒಂದೊಂದು ಗುಳಿಯಿಂದಲೂ ಒಂದೊಂದು ನಾದ ಹೊರಡಿಸುವುದನ್ನು ಅವರು ಹೇಗೋ ಕಂಡುಕೊಂಡಿದ್ದರು. ಪಂಚೆಯ ಮೇಲೆ ಹಳದಿ ಮಳೆಕೋಟು ನಮ್ಮ ಸಮವಸ್ತ್ರ. ಸೋಬಾನೆಯ ನಡುವೆ ಅಕಾರ್ಡಿಯನ್ ನುಗ್ಗಿದಾಗ, ಕನ್ನಡದ ಒಂದಕ್ಷರವೂ ತಿಳಿಯದ ಅಮೆರಿಕನ್ನರು ಎದ್ದು ಕುಣಿಯುತ್ತಿದ್ದರು.

ತಂಡದಲ್ಲಿ ಇಪ್ಪತ್ತಕ್ಕೂ ಹೆಚ್ಚು ಜನರಿದ್ದರೂ ಎಲ್ಲರೂ ಒಟ್ಟಿಗೆ ವೇದಿಕೆ ಹತ್ತಿದ್ದು ಒಮ್ಮೆಯೂ ಇಲ್ಲ. ಯಾರಿಗೋ ಆ ವಾರ ಕಚೇರಿಯ ಆನ್‌ಕಾಲ್ ಡ್ಯೂಟಿ, ಯಾರದೋ ಮನೆಯಲ್ಲಿ ಬಾಣಂತನ, ಯಾರೋ ವೀಸಾ ಕೆಲಸಕ್ಕೆ ಊರಿಗೆ ಹೋಗಿದ್ದಾರೆ. ಬಂದವರದೇ ಬ್ಯಾಂಡ್ ಎಂಬುದು ನಮ್ಮ ನಿಯಮ. ಒಂದು ಕಾರ್ಯಕ್ರಮದಲ್ಲಿದ್ದ ಮುಖಗಳು ಇನ್ನೊಂದರಲ್ಲಿ ಇರುತ್ತಿರಲಿಲ್ಲ. ಪ್ರತಿ ಬಾರಿಯೂ ತಪ್ಪದೆ ಇರುತ್ತಿದ್ದವರು ಮೂವರೇ: ಮುಖ್ಯ ಗಾಯಕಿಯಾದ ಒಬ್ಬ ಹೆಣ್ಣುಮಗಳು, ಧ್ವನಿ ವ್ಯವಸ್ಥೆ ನೋಡಿಕೊಳ್ಳುತ್ತಿದ್ದ ಸದರಿ ಮಿತ್ರರು, ಮತ್ತು ನಾನು. ನಾನು ಹಿಮ್ಮೇಳದಲ್ಲಿ ಹಾಡುತ್ತಿದ್ದೆ. ಎಡದಿಂದ ಮೂರನೆಯ ಮೈಕು ನನ್ನದು. ಜ್ವರವಿದ್ದಾಗಲೂ ಹೋಗಿದ್ದೇನೆ.

ಪ್ರತಿ ಕಾರ್ಯಕ್ರಮದ ನಂತರ ಮಿತ್ರರು ನನ್ನ ಬೆನ್ನು ತಟ್ಟಿ, “ಸಾರ್, ನೀವಿಲ್ಲಾಂದ್ರೆ ಖಾಲಿ ಖಾಲಿ ಅನ್ಸತ್ತೆ” ಎನ್ನುತ್ತಿದ್ದರು. ಗಾಯಕಿಯೂ, “ನಿಮ್ ದನಿ ಹಿಂದೆ ಇದ್ರೆ ನಂಗೊಂದು ಧೈರ್ಯ ಸಾರ್” ಎಂದು ಹೇಳಿದ್ದುಂಟು. ಕಚೇರಿಯಲ್ಲಿ ನನ್ನ ಮಾತನ್ನು ಯಾರೂ ಅರ್ಧದಲ್ಲಿ ತಡೆಯದೆ ಕೇಳಿದ್ದಿಲ್ಲ. ಮಕ್ಕಳು ನನ್ನ ಕನ್ನಡಕ್ಕೆ ಇಂಗ್ಲಿಷಿನಲ್ಲಿ ಉತ್ತರಿಸಿ ಬಾಗಿಲು ಹಾಕಿಕೊಳ್ಳುತ್ತಾರೆ. ಹೀಗಿರುವಾಗ ನನ್ನ ದನಿಯೂ ಎಲ್ಲೋ ಒಂದು ಕಡೆ ಬೇಕಾಗಿದೆ ಎಂಬ ನಂಬಿಕೆ ನನ್ನನ್ನು ವಾರವಿಡೀ ನಡೆಸುತ್ತಿತ್ತು ಎಂದರೆ ಅತಿಶಯೋಕ್ತಿಯಾಗಲಾರದು.

ಕಳೆದ ಬೇಸಿಗೆಯಲ್ಲಿ ಟಕ್ವಿಲಾದ ಮಾಲ್ ಪಕ್ಕದ ಬಯಲಿನಲ್ಲಿ ಹಾಡಿದೆವು. ನೋಡಲು ಬಂದಿದ್ದವರೊಬ್ಬರು ಫೋನಿನಲ್ಲಿ ಚಿತ್ರೀಕರಿಸಿ ಎಲ್ಲರಿಗೂ ಕಳುಹಿಸಿದರು. ನಾನು ಅದನ್ನು ಚನ್ನರಾಯಪಟ್ಟಣದಲ್ಲಿರುವ ನನ್ನ ಅಕ್ಕನಿಗೆ ಕಳುಹಿಸಿದೆ. ಮರುದಿನ ಅಕ್ಕ ಫೋನ್ ಮಾಡಿದಳು.

“ನೋಡ್ದೆ ಕಣಪ್ಪ. ಮಳೆಕೋಟು ಹಾಕ್ಕಂಡು ಒಳ್ಳೆ ಹಾಲಿನವನ ಥರ ಕಾಣ್ತೀಯ.”

“ಹಾಡು ಹೆಂಗಿತ್ತು ಹೇಳು.”

“ಹಾಡು ಸಂದಾಗದೆ. ಆ ಹುಡ್ಗಿ ದನಿ ಎಷ್ಟು ಸಂದಾಗದೆ! ಆದ್ರೆ ನಿಂದೇ ಕೇಳ್ನಿಲ್ವಲ್ಲೋ.”

“ಅಷ್ಟು ಜನರ ಮಧ್ಯೆ ಬೇರೆ ಮಾಡಿ ಹೆಂಗೆ ಕೇಳುತ್ತಕ್ಕ?”

“ಸುಮ್ಕಿರು. ಹಿಂದ್ಗಡೆ ಹಾಡೋರಲ್ಲಿ ಒಬ್ಬನ್ಗೆ ಶೀತ ಆಗದೆ, ಅದೂ ಕೇಳ್ತದೆ. ನಿನ್ ಬಾಯಿ ಇಷ್ಟಗಲ ಆಡ್ತದೆ, ಸದ್ದೇ ಇಲ್ಲ. ಹೊಟ್ಟೆ ತುಂಬ ಹಾಡ್ದಾ ಇಲ್ವಾ?”

ಹೊಟ್ಟೆ ತುಂಬ ಹಾಡಿದ್ದೆ. ಅಕ್ಕನಿಗೆ ವಯಸ್ಸಾಯಿತು, ಫೋನಿನ ಸ್ಪೀಕರ್ ಹಾಳಾಗಿರಬಹುದು ಎಂದುಕೊಂಡೆ. ಆದರೂ ಕಾರಿನಲ್ಲಿ ಒಬ್ಬನೇ ಕುಳಿತು ಅದೇ ಚಿತ್ರೀಕರಣವನ್ನು ಹಾಕಿ ಕೇಳಿದೆ. ತಟ್ಟೆಗಳ ನಾದವಿತ್ತು. ಶೀತವಾದವನ ದನಿಯಿತ್ತು. ಮೂರನೆಯ ಮೈಕಿನ ಮುಂದೆ ಕಣ್ಣು ಮುಚ್ಚಿ, ಕತ್ತಿನ ನರ ಉಬ್ಬಿಸಿ ನಿಂತಿದ್ದ ನನ್ನಿಂದ ಏನೂ ಬರುತ್ತಿರಲಿಲ್ಲ.

ಎರಡು ವಾರಗಳ ನಂತರ ನಾರ್ತ್ ಕ್ರೀಕ್‌ನ ಒಂದು ಕಚೇರಿಯ ಆವರಣದಲ್ಲಿ ಮಧ್ಯಾಹ್ನದ ಕಾರ್ಯಕ್ರಮವಿತ್ತು. ಮಿತ್ರರು ವೈರು ಎಳೆದು, ಮೈಕುಗಳ ದನಿ ಹೊಂದಿಸುವ ಮಿಕ್ಸರ್ ಜೋಡಿಸಿ, ಕಾಫಿ ತರಲು ಹೋಗಿದ್ದರು. ಮಿಕ್ಸರಿನ ಮುಂದೆ ಅಂದೇ ಮೊದಲ ಬಾರಿಗೆ ಬಂದಿದ್ದ ಒಬ್ಬ ಮಹಿಳೆ ಕುಳಿತಿದ್ದರು. ಬೆಂಗಳೂರಿನಿಂದ ಈಚೆಗಷ್ಟೇ ಬಂದವರು. ನನ್ನ ಪರಿಚಯ ಅವರಿಗಿರಲಿಲ್ಲ. ಮಿಕ್ಸರಿನ ಮೇಲೆ ಒಂದೊಂದು ಮೈಕಿಗೂ ಮೇಲೆ ಕೆಳಗೆ ಜಾರಿಸುವ ಒಂದೊಂದು ಗುಂಡಿ ಇರುತ್ತದೆ. ಗುಂಡಿ ಮೇಲಕ್ಕೆ ಹೋದಷ್ಟೂ ದನಿ ಜನರಿಗೆ ಜೋರಾಗಿ ಕೇಳುತ್ತದೆ. ನಮ್ಮಲ್ಲಿ ಪ್ರತಿ ಬಾರಿಯೂ ಹಾಡುವವರು ಬದಲಾಗುತ್ತಿದ್ದುದರಿಂದ ಗುಂಡಿಗಳ ಕೆಳಗೆ ಬಿಳಿಯ ಟೇಪು ಅಂಟಿಸಿ ಆಯಾ ದಿನದ ಹೆಸರುಗಳನ್ನು ಬರೆಯುತ್ತಿದ್ದರು. ಅಂದಿನ ಟೇಪುಗಳೆಲ್ಲ ಹೊಸದಾಗಿದ್ದವು. ಮೂರನೆಯದು ಮಾತ್ರ ಅಂಚು ಸುರುಳಿಯಾಗಿ, ಕೊಳೆ ಹಿಡಿದು ಹಳೆಯದಾಗಿತ್ತು. ಅಷ್ಟೇ ಅಲ್ಲದೆ ಆ ಗುಂಡಿಯನ್ನು ತಳಕ್ಕೆ ಇಳಿಸಿ, ಮೇಲೇಳದಂತೆ ಅದರ ಮೇಲೂ ಅಡ್ಡಲಾಗಿ ಟೇಪು ಸುತ್ತಲಾಗಿತ್ತು.

“ಇದ್ಯಾಕೆ ಹೀಗೆ ಕಟ್ಟಿದಾರೆ?” ಎಂದು ಕೇಳಿದೆ.

“ಅಯ್ಯೋ, ಅದನ್ನ ಮಾತ್ರ ಮುಟ್ಬೇಡಿ ಸಾರ್!” ಎಂದು ಆಕೆ ನಕ್ಕರು. “ಅದು ಗ್ಯಾರೇಜ್ ಅವ್ರದಂತೆ. ಅವ್ರ ಕಾಲ್ ಹತ್ರ ಇರೋ ಸ್ಪೀಕರ್‌ಗೆ ಮಾತ್ರ ಕೊಟ್ಟಿದಾರೆ, ಹೊರಗಡೆ ಬಿಡೋ ಹಾಗಿಲ್ಲ. ಗೊತ್ತಿಲ್ದೆ ಯಾರಾದ್ರೂ ಮೇಲೆ ಮಾಡ್ಬಿಟ್ರೆ ಕಥೆ ಮುಗೀತು ಅಂತ ಟೇಪ್ ಹಾಕಿರೋದು. ಪಾಪ, ತುಂಬ ಒಳ್ಳೆಯವರಂತೆ.”

ಟೇಪಿನ ಮೇಲೆ ಗ್ಯಾರೇಜ್ ಎಂದೇ ಬರೆದಿತ್ತು.

ಆಕೆಗೆ ನಾನು ಯಾರೆಂದು ಹೇಳಲಿಲ್ಲ. ಅವರ ತಪ್ಪು ಇದರಲ್ಲಿ ಕಿಂಚಿತ್ತೂ ಇಲ್ಲ. ಹೋಗಿ ನನ್ನ ಜಾಗದಲ್ಲಿ ನಿಂತೆ. ಹಾಡು ಶುರುವಾಯಿತು. ಹಾಡುವವರಿಗೆ ತಮ್ಮ ದನಿ ತಮಗೆ ಕೇಳಿಸಲೆಂದು ಕಾಲ ಬುಡದಲ್ಲಿ ಒಂದು ಚಿಕ್ಕ ಸ್ಪೀಕರ್ ಇಡುವುದು ರೂಢಿ. ಅದರಿಂದ ನನ್ನ ದನಿ ಎಂದಿನಂತೆ ತುಂಬಿ ಬರತೊಡಗಿತು. ಇಷ್ಟು ವರ್ಷ ಬಯಲೆಲ್ಲ ಹಬ್ಬುತ್ತಿದೆ ಎಂದು ತಿಳಿದಿದ್ದ ಆ ದನಿ ನನ್ನ ಮೊಣಕಾಲಿನಿಂದ ಆಚೆಗೆ ಹೋಗುತ್ತಿರಲಿಲ್ಲ. ಎರಡನೆಯ ಹಾಡಿನಲ್ಲಿ ನಾನು ಬಾಯಿ ಮುಚ್ಚಿ ನಿಂತೆ. ಜನ ಕುಣಿದರು. ಗಾಯಕಿ ತಿರುಗಿಯೂ ನೋಡಲಿಲ್ಲ.

ಹಿಂತಿರುಗುವಾಗ ಎಂದಿನಂತೆ ಮಿತ್ರರ ಕಾರಿನಲ್ಲಿಯೇ ಕುಳಿತೆ. ಫ್ರೀವೇ ಹತ್ತಿದ ಮೇಲೆ ಕೇಳಿದೆ.

“ನನ್ನ ಮೈಕು ಯಾವಾಗಿಂದ ಆಫ್ ಇದೆ?”

“ಆಫ್ ಅಲ್ಲ ಸಾರ್. ಆನ್‌ನಲ್ಲೇ ಇರತ್ತೆ.”

“ಯಾರಿಗೆ?”

ಅವರು ಅವಶ್ಯಕತೆ ಇಲ್ಲದಿದ್ದರೂ ಇಂಡಿಕೇಟರ್ ಹಾಕಿ ಲೇನ್ ಬದಲಾಯಿಸಿದರು. “ನಿಮ್ಗೆ” ಎಂದರು.

“ಮೊದಲನೇ ಶೋ ಇಂದಾನೇ ಹೀಗಾ?”

“ಮೊದಲನೇದ್ರಲ್ಲಿ ಇತ್ತು ಸಾರ್. ಅದಾದ್ಮೇಲೇ ಎಲ್ರೂ ಸೇರಿ ಡಿಸೈಡ್ ಮಾಡಿದ್ದು. ನೀವು ಮೇಲಕ್ಕೆ ಹೋದ್ರೆ ಶ್ರುತಿ ಬಿಟ್ಬಿಡ್ತೀರಿ. ಸ್ವಲ್ಪ ಅಲ್ಲ, ಜಾಸ್ತಿನೇ.”

“ಎಲ್ಲಿ ಕೂತ್ಕೊಂಡು ಡಿಸೈಡ್ ಮಾಡಿದ್ರಿ?”

“ನಿಮ್ ಗ್ಯಾರೇಜಲ್ಲೇ. ನೀವು ಚಟ್ನಿ ತರಕ್ಕೆ ಒಳಗೆ ಹೋಗಿದ್ರಿ.”

ನನಗೆ ನಗು ಬಂದಿತೆಂದು ತೋರುತ್ತದೆ, ಏಕೆಂದರೆ ಅವರೂ ಸ್ವಲ್ಪ ನಕ್ಕರು.

“ನಂಗೆ ಹೇಳ್ಬಹುದಿತ್ತಲ್ಲ? ತಾಳ ಹಾಕ್ಕೊಂಡು ಕೂರ್ತಿದ್ದೆ.”

“ಹೇಗ್ ಹೇಳೋದು ಸಾರ್? ನಿಮ್ಮನೇಲಿ ಕೂತು, ನಿಮ್ಮನೆ ಉಪ್ಪಿಟ್ಟು ತಿಂದು, ನಿಮ್ಗೇ ಶ್ರುತಿ ಇಲ್ಲ ಅನ್ನಕ್ಕಾಗತ್ತಾ? ನಾವೇನ್ ಅಷ್ಟು ಕೆಟ್ಟೋರಾ?”

“ಗ್ಯಾರೇಜ್ ಇಲ್ದೇ ಇದ್ದಿದ್ರೆ ಹೇಳ್ತಿದ್ರಾ?”

“ಹಂಗೆಲ್ಲ ಯೋಚ್ನೆ ಮಾಡ್ಬೇಡಿ ಸಾರ್” ಎಂದರು. ಇದು ಉತ್ತರವಲ್ಲ. ಆದರೆ ಉತ್ತರವನ್ನು ಅದರಿಂದಲೇ ತಿಳಿದುಕೊಂಡೆ.

ಮನೆಗೆ ಬಂದು ಹೆಂಡತಿಗೆ ಎಲ್ಲವನ್ನೂ ಹೇಳಿದೆ. ಅವಳು ಕೊತ್ತಂಬರಿ ಸೊಪ್ಪು ಬಿಡಿಸುತ್ತಿದ್ದಳು. ಕೈ ನಿಲ್ಲಿಸಲಿಲ್ಲ. ಆಗ ನನಗೆ ಹೊಳೆಯಿತು, ಅಂದಿನದೊಂದನ್ನು ಬಿಟ್ಟರೆ ಅವಳು ಪ್ರತಿ ಕಾರ್ಯಕ್ರಮದಲ್ಲಿಯೂ ಜನರ ನಡುವೆ ಕುಳಿತವಳು.

“ನಿಂಗೂ ಗೊತ್ತಿತ್ತಾ?”

“ಕೇಳ್ತಿರ್ಲಿಲ್ವಲ್ಲ, ಗೊತ್ತಾಗ್ದೆ ಇರತ್ತಾ?” ಎಂದಳು. “ವಾರವೆಲ್ಲ ಮುಖ ಗಂಟು ಹಾಕ್ಕೊಂಡಿರ್ತೀರಿ. ಅವ್ರು ಬಂದಾಗ್ಲಾದ್ರೂ ನಗ್ತೀರಲ್ಲ ಅಂತ ಸುಮ್ನಿದ್ದೆ.”

ಅವಳ ಮೇಲೆ ಕೋಪಿಸಿಕೊಳ್ಳಲು ಪ್ರಯತ್ನಿಸಿದೆ. ಸಾಧ್ಯವಾಗಲಿಲ್ಲ.

ನನ್ನ ದನಿ ಸರಿಯಿಲ್ಲವೆಂಬುದು ಒಂದು ಸಂಗತಿ. ಅದನ್ನು ಒಪ್ಪಿಕೊಳ್ಳಬಲ್ಲೆ. ಎಲ್ಲರ ದನಿಯೂ ಸರಿಯಾಗಿಯೇ ಇರಬೇಕೆಂಬ ಕಾನೂನಿಲ್ಲ. ಆದರೆ ಬಂದು ಹೋಗುವ ಪ್ರತಿಯೊಬ್ಬರಿಗೂ, ಮೊದಲ ದಿನ ಕಾಲಿಟ್ಟವರಿಗೂ ತಿಳಿಸಿದ ವಿಷಯವನ್ನು, ಒಂದು ದಿನವೂ ತಪ್ಪಿಸದ ನನ್ನೊಬ್ಬನಿಂದ ಮುಚ್ಚಿಟ್ಟರು. ಮುಚ್ಚಿಟ್ಟಿದ್ದಲ್ಲದೆ ಹೊಗಳಿದರು. ಈ ಎರಡನೆಯದನ್ನು ಎಷ್ಟು ಯೋಚಿಸಿದರೂ ನುಂಗಲಾಗಲಿಲ್ಲ. ಕೊನೆಗೆ ಒಂದು ತೀರ್ಮಾನಕ್ಕೆ ಬಂದೆ. ಅವರ ಮುಂದೆ ಒಬ್ಬನೇ ಹಾಡುವುದು, ತಪ್ಪು ತೋರಿಸಿರೆಂದು ಕೇಳುವುದು. ಯಾರೊಬ್ಬರ ಬಾಯಿಂದಲಾದರೂ ಒಂದು ನಿಜವಾದ ಮಾತು ಬಂದರೆ ಗ್ಯಾರೇಜು ಅವರದೇ. ನಾನು ತಾಳ ಹಿಡಿದು ಹಿಂದೆ ಕೂರುವುದು. ಬಾರದಿದ್ದರೆ ಬಾಗಿಲು ಹಾಕುವುದು.

ಶನಿವಾರ ಬೆಳಿಗ್ಗೆ ಅಭ್ಯಾಸಕ್ಕೆಂದು ಎಲ್ಲರೂ ಬಂದರು. ಮಿತ್ರರು ಯಾರಿಗೂ ಏನನ್ನೂ ಹೇಳಿರಲಿಲ್ಲವೆಂದು ಅವರ ನಗುಮುಖಗಳಿಂದ ತಿಳಿಯಿತು. ಮೈಕು ಜೋಡಿಸುವ ಮೊದಲೇ ನಾನು ಎದ್ದು ನಿಂತು, “ದಯವಿಟ್ಟು ಒಂದು ನಿಮಿಷ. ಒಂದು ಹಾಡು ಒಬ್ಬನೇ ಹಾಡ್ತೀನಿ. ಎಲ್ಲಿ ತಪ್ಪುತ್ತೆ, ನೇರವಾಗಿ ಹೇಳಿ. ನನಗೆ ಬೇಜಾರಿಲ್ಲ. ಹೇಳಿದ್ರೆ ಉಪಕಾರ” ಎಂದೆ. ಮಿತ್ರರ ಮುಖ ಬಿಳಿಚಿಕೊಂಡಿತು.

ಗಾಯಕಿ ಶ್ರುತಿಪೆಟ್ಟಿಗೆ ಹಾಕಿಕೊಟ್ಟರು. ಕೆಳಗಿನ ಸಾಲುಗಳು ನನ್ನ ಮಟ್ಟಿಗೆ ಸರಿಯಾಗಿಯೇ ಬಂದವು. ದನಿ ಮೇಲೇರಬೇಕಾದ ಸಾಲಿಗೆ ಬಂದಾಗ, ಕಾಲ ಬಳಿ ಸ್ಪೀಕರ್ ಇಲ್ಲದೆ, ಶ್ರುತಿಯನ್ನು ಕಿವಿಯಲ್ಲಿಟ್ಟುಕೊಂಡು ನಾನು ಮೊದಲ ಬಾರಿಗೆ ನನ್ನನ್ನು ಕೇಳಿಸಿಕೊಂಡೆ. ದನಿ ಏರಲಿಲ್ಲ. ಏರಬೇಕಾದ ಜಾಗಕ್ಕಿಂತ ಕೆಳಗೆ ಎಲ್ಲಿಯೋ ನಿಂತು ಒದ್ದಾಡಿತು. ಅದೇ ಸಾಲನ್ನು ಮತ್ತೊಮ್ಮೆ ಹಾಡಿದೆ. ಮತ್ತೆ ಅಲ್ಲಿಯೇ ಬಿತ್ತು. ಬಾಗಿಲ ಬಳಿ ನಿಂತಿದ್ದವರೊಬ್ಬರು ತಮ್ಮ ಶೂಗಳನ್ನು ನೋಡಿಕೊಂಡರು. ಹಾಡು ಮುಗಿಸಿದೆ.

ಆಮೇಲೆ ಯಾರೋ ಚಪ್ಪಾಳೆ ತಟ್ಟಿದರು. ಎಲ್ಲರೂ ತಟ್ಟಿದರು.

“ಸೂಪರ್ ಸಾರ್!”

“ಫೀಲ್ ಇತ್ತು ಸಾರ್, ಫೀಲು!”

“ತಪ್ಪೆಲ್ಲಿ ಆಯ್ತು, ಅದು ಹೇಳಿ” ಎಂದೆ.

“ತಪ್ಪೇನ್ ಬಂತು ಸಾರ್, ಜಾನಪದ ಅಲ್ವಾ? ಹಂಗೇ ಇರ್ಬೇಕು.”

ಗಾಯಕಿಯ ಕಡೆಗೆ ತಿರುಗಿದೆ. ಆಕೆಯ ಕಿವಿ ಎಷ್ಟು ಸೂಕ್ಷ್ಮವೆಂದರೆ, ತಮಟೆಯ ಚರ್ಮ ಒಂದಿಷ್ಟು ಸಡಿಲವಾದರೂ ಹಾಡು ನಿಲ್ಲಿಸಿ ಬಿಸಿ ಮಾಡಿಸುತ್ತಿದ್ದರು. “ನೀವು ಹೇಳಮ್ಮ” ಎಂದೆ.

“ಚೆನ್ನಾಗಿತ್ತು ಸಾರ್” ಎಂದರು. ನನಗಲ್ಲ, ಶ್ರುತಿಪೆಟ್ಟಿಗೆಗೆ ಹೇಳಿದಂತಿತ್ತು.

ಮಿತ್ರರು ಬಗ್ಗಿ, ಆಗಲೇ ಸರಿಯಾಗಿ ಸುತ್ತಿದ್ದ ಒಂದು ವೈರನ್ನು ಬಿಚ್ಚಿ ಮತ್ತೆ ಸುತ್ತತೊಡಗಿದರು.

“ಮುಂದಿನ ವಾರದಿಂದ ಬೇರೆ ಜಾಗ ನೋಡ್ಕೊಳ್ಳಿ. ಗ್ಯಾರೇಜು ನಮಗೆ ಬೇಕಾಗಿದೆ” ಎಂದೆ.

“ಯಾಕ್ ಸಾರ್?” ಎಂದು ಇಡ್ಲಿ ತಟ್ಟೆಯವರು ನಿಜವಾಗಿಯೂ ಗಾಬರಿಯಾಗಿ ಕೇಳಿದರು. “ಚೆನ್ನಾಗೇ ಹಾಡಿದ್ರಲ್ಲ!”

ಯಾರೂ ಜಗಳವಾಡಲಿಲ್ಲ. ತಮ್ಮ ತಮ್ಮ ಸಾಮಾನುಗಳನ್ನು ಎತ್ತಿಕೊಂಡು, ಇಷ್ಟು ದಿನ ಜಾಗ ಕೊಟ್ಟದ್ದಕ್ಕೆ ಒಬ್ಬೊಬ್ಬರಾಗಿ ಥ್ಯಾಂಕ್ಸ್ ಹೇಳಿ ಹೊರಟರು. ಮಿತ್ರರು ಕೊನೆಯವರು. ಕಾರು ಚಾಲೂ ಮಾಡಿ, ಕಿಟಕಿ ಇಳಿಸಿ ಕೇಳಿದರು:

“ಸಾರ್, ಬೇಜಾರಾಯ್ತಾ?”

“ಇಲ್ಲಪ್ಪ, ಹಾಗೇನಿಲ್ಲ” ಎಂದೆ.

ಬೇಜಾರಾಗಿದೆ. ಅಂದು ಅವರ ಮುಖ ನೋಡಿ ಹೇಳಲಾಗದ ಈ ಒಂದು ಮಾತನ್ನು ಇಲ್ಲಿ ದಾಖಲಿಸಲು ಇಷ್ಟು ದೀರ್ಘವಾಗಿ ಬರೆಯಬೇಕಾಯಿತು.