ಕೊತ್ತಂಬರಿ ಸೊಪ್ಪಿನ ವಾಕಿಂಗ್

ಅಮ್ಮ ಹಿಡಿದು ಹೊರಡುತ್ತಿದ್ದ ವೈರ್ ಬುಟ್ಟಿ ಹಸಿರು ಬಣ್ಣದ್ದು. ಅಥವಾ ಹಸಿರು ಆಗಿರಲಿಲ್ಲವೇನೋ. ಒಳಗಿದ್ದ ಕೊತ್ತಂಬರಿ ಸೊಪ್ಪಿನ ಹಸಿರನ್ನು ನಾನೇ ಬುಟ್ಟಿಗೂ ಬಳಿದಿರಬಹುದು. ಎಂಬತ್ತನೇ ಇಸವಿಯ ಆಸುಪಾಸು, ಬಸವನಗುಡಿಯ ನಮ್ಮ ಬಾಡಿಗೆ ಮನೆ. ವರ್ಷಗಟ್ಟಲೆ ಬಚ್ಚಲ ಒಲೆ ಊದಿ ಅಮ್ಮನ ಶ್ವಾಸಕೋಶ ಕೆಟ್ಟಿತ್ತು. ಹಿತ್ತಿಲಿಗೆ ಹೋಗುವಷ್ಟರಲ್ಲಿ ಏದುಸಿರು. ನಾವೆಲ್ಲ ಅವಳನ್ನು ಕೂರಿಸಿಯೇ ಇಟ್ಟಿದ್ದೆವು, ಅದನ್ನೇ ಆರೈಕೆ ಎಂದುಕೊಂಡು.

ಚಾಮರಾಜಪೇಟೆಯ ಡಾಕ್ಟರು ಬೈದರು. "ಸುಸ್ತು ಅಂತ ಕೂತ್ರೆ ಕಾಲಲ್ಲಿರೋ ಶಕ್ತೀನೂ ಹೋಗತ್ತೆ. ದಿನಾ ನಡೀರಮ್ಮ. ಉಸಿರು ಕಟ್ಟಿದ್ರೆ ನಿಂತ್ಕೊಳಿ, ಬಿಸಿ ಕಾಫಿ ಆರಿಸೋ ಹಾಗೆ ತುಟಿ ಚೂಪು ಮಾಡಿ ನಿಧಾನಕ್ಕೆ ಊದಿ."

ತ್ಯಾಗರಾಜನಗರದಲ್ಲಿ ಅಮ್ಮನ ಅಕ್ಕ ಮಂಡಿನೋವಿನಿಂದ ಮನೆ ಬಿಟ್ಟು ಹೊರಡದಂತಾಗಿದ್ದರು. ಯುಗಾದಿಯಿಂದ ಇಬ್ಬರೂ ಮುಖ ನೋಡಿರಲಿಲ್ಲ. ಆಟೋ ತರುತ್ತೇನೆಂದ ಅಪ್ಪನಿಗೆ ಅಮ್ಮ ಒಪ್ಪಲಿಲ್ಲ.

"ಆಟೋದಿಂದ ಇಳಿದ್ರೆ ನನ್ನ ಕತೆ ಮುಗೀತು ಅಂತ ಅಕ್ಕ ಅಳ್ತಾಳೆ. ನಡ್ಕೊಂಡೇ ಹೋಗ್ತೀನಿ."

ಆದರೆ ಸುಮ್ಮನೆ ರಸ್ತೆಯಲ್ಲಿ ನಡೆಯುವುದು ನಮ್ಮ ಬೀದಿಯ ಹೆಂಗಸರಿಗೆ ಗೊತ್ತಿಲ್ಲದ ಕೆಲಸ. ದೇವಸ್ಥಾನಕ್ಕೆ ಹೋಗಬೇಕು, ಇಲ್ಲ ತರಕಾರಿಗೆ. ಭಾರ ಹೊರಲಾರದ ಅಮ್ಮ ಮನೆಯಲ್ಲಿದ್ದ ಕೊತ್ತಂಬರಿ ಕಟ್ಟನ್ನೇ ಬುಟ್ಟಿಯಲ್ಲಿಟ್ಟುಕೊಂಡು ಹೊರಡುತ್ತಿದ್ದಳು, ವಾಪಸು ಬರುವಾಗ ಅದು ಇಣುಕಿ, ತರಕಾರಿಗೆ ಹೋಗಿದ್ದಳೆಂದು ಕಾಣಲಿ ಎಂದು. ಉಸಿರು ಕಟ್ಟಿದಾಗ ಯಾರದಾದರೂ ಕಾಂಪೌಂಡಿಗೆ ಒರಗಿ, ಬುಟ್ಟಿಯಲ್ಲಿ ಏನೋ ಹುಡುಕುವಂತೆ ತಲೆ ಬಗ್ಗಿಸಿ ಊದುವಳು.

"ಏನ್ರೀ, ದಿನಾ ಬರೀ ಕೊತ್ತಂಬರಿನಾ?" ಎಂದರು ಎದುರುಮನೆಯಾಕೆ.

"ಇವರಿಗೆ ಅದಿಲ್ದೆ ಸಾರು ಇಳಿಯಲ್ಲ ಕಣ್ರೀ."

ಒಳಗಿನಿಂದ ಅಪ್ಪ, "ಅದೂ ವಾಕಿಂಗ್ ಮುಗಿಸಿ ಬಂದ ಸೊಪ್ಪೇ ಆಗ್ಬೇಕು!" ಎಂದರು.

ಅಮ್ಮ ನಕ್ಕು, ಕೆಮ್ಮಿ, ಜಗಲಿಯ ಮೇಲೆ ಕೂತುಬಿಟ್ಟಳು.

ಹೀಗೆ ಎಷ್ಟು ತಿಂಗಳು? ನೆನಪು ಇಲ್ಲಿ ಬೇಕೆಂದೇ ಚುರುಕಾಗಿ, ಇವತ್ತು ಈ ಮೂಲೆ, ನಾಳೆ ಆಚೆ ಮೂಲೆ ಎಂದು ಅವಳನ್ನು ಮುಂದಕ್ಕೆ ನಡೆಸುತ್ತದೆ. ನಾನು ನಂಬುವುದಿಲ್ಲ. ಹಾಸಿಗೆ ಬಿಟ್ಟೇಳದ ವಾರಗಳೂ ಇದ್ದವು. ಎದ್ದ ಮೇಲೆ ಮತ್ತೆ ಗೇಟಿನಿಂದಲೇ ಶುರು.

ಒಂದು ಬೆಳಗ್ಗೆ, "ಅಕ್ಕನ ಮನೆಗೆ ಹೋಗ್ತಿದೀನಿ, ಹಿಂದೆ ಬರ್ಬೇಡ" ಎಂದು ಬುಟ್ಟಿ ಹಿಡಿದು ಹೊರಟಳು. ಸಂಜೆ ಕರೆತರಲು ಹೋದೆ.

"ನಡ್ಕೊಂಡು ಬಂದ್ಯೇನಮ್ಮಾ?"

"ಮತ್ತೆ, ಹಾರ್ಕೊಂಡು ಬಂದ್ಲಾ?" ದೊಡ್ಡಮ್ಮ ಗದರಿದರು.

ಅಮ್ಮ ತುಟಿ ಚೂಪು ಮಾಡಿಕೊಂಡು ಕಾಫಿ ಆರಿಸುತ್ತಿದ್ದಳು. ಬಿಸಿಲಲ್ಲಿ ನಡೆದು ಬಂದಿದ್ದರೆ ಸೊಪ್ಪು ಬಾಡಿರಬೇಕಲ್ಲ ಎಂದು ಬುಟ್ಟಿ ನೋಡಿದೆ. ಖಾಲಿ. ದೊಡ್ಡಮ್ಮ ಮಧ್ಯಾಹ್ನವೇ ಸಾರಿಗೆ ಹಾಕಿದ್ದರು.

ವಾಪಸು ಆಟೋದಲ್ಲಿ ಬಂದೆವು. ಅಮ್ಮ ಬೇಡವೆನ್ನಲಿಲ್ಲ, ದಾರಿಯುದ್ದಕ್ಕೂ ಕಣ್ಣು ಮುಚ್ಚಿದ್ದಳು. ಆ ಬೆಳಗ್ಗೆ ಪೂರಾ ನಡೆದಳೋ, ಮೂಲೆ ತಿರುಗಿ ಆಟೋ ಹತ್ತಿದಳೋ, ನನಗೆ ಗೊತ್ತಿಲ್ಲ.